ಕುಡಿದ ಮೇಲೆ ಉಳಿದ ನೀರು

(ಧ್ಯಾನಕ್ಕೆ: ಯೆಹೆಜ್ಕೇಲ 34:17–22)



ಯೆಹೆಜ್ಕೇಲನು ಬಾಬೆಲಿನ ಸೆರೆಯಲ್ಲಿದ್ದ ಜನರಿಗೆ ಸಾರಿದ ಕುರುಬರ ಅಧ್ಯಾಯವು ನಮಗೆಲ್ಲರಿಗೂ ಗೊತ್ತಿರುವಂಥದ್ದು. ಕೆಟ್ಟ ಕುರುಬರನ್ನು ದೇವರು ಗದರಿಸಿದ ಭಾಗವನ್ನು ಸಭೆಗಳಲ್ಲಿ ಅನೇಕಾವರ್ತಿ ಓದುತ್ತೇವೆ. ಆದರೆ ಅದೇ ಅಧ್ಯಾಯದ ನಡುವೆ ದೇವರು ಕುರುಬರನ್ನು ಬಿಟ್ಟು ಕುರಿಗಳ ಕಡೆಗೇ ತಿರುಗಿ, ಕುರಿಕುರಿಗಳಿಗೂ ನ್ಯಾಯತೀರಿಸುವೆನೆಂದು ಹೇಳುವದನ್ನು ನಾವು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವದಿಲ್ಲ. ಕೊಬ್ಬಿದ ಕುರಿಗಳ ಮೇಲೆ ಹೊರಿಸಲ್ಪಟ್ಟ ಅಪರಾಧವು ಯಾವದು? ಹುಲ್ಲು ಮೇದದ್ದು ಅಪರಾಧವಲ್ಲ. ತಿಳಿನೀರು ಕುಡಿದದ್ದೂ ಅಪರಾಧವಲ್ಲ. ತಾವು ಮೇದು ಮಿಕ್ಕದ್ದನ್ನು ತುಳಿದುಬಿಟ್ಟವು. ತಾವು ಕುಡಿದು ಮಿಕ್ಕ ನೀರನ್ನು ಕಾಲಿನಿಂದ ಕಲಕಿಬಿಟ್ಟವು. ಹಿಂದೆ ಬಂದ ಬಡಕುರಿಗಳಿಗೆ ಕೆಸರೇ ಪಾಲಾಯಿತು. ಎಮ್ಮೆಗಳು ಇಳಿದು ಹೋದ ಮೇಲೆ ಕೆರೆಯ ನೀರು ಹೇಗಿರುವದೆಂದು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರಲಾಗಿ ದೇವರ ವಿಚಾರಣೆಯು, ನಾವು ಎಷ್ಟು ಕುಡಿದೆವೆಂಬಲ್ಲಿಗೆ ಮುಗಿಯುವದಿಲ್ಲ. ನಾವು ಕುಡಿದ ಮೇಲೆ ಏನು ಉಳಿಯಿತೆಂದೂ ಆತನು ಕೇಳುವನು. ಈ ಪ್ರಶ್ನೆಗೆ ಒಂದು ದೊಡ್ಡ ಪಟ್ಟಣವು ಉತ್ತರ ಕೊಡಬೇಕಾಗಿ ಬಂದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇವೆ.

ಅಮೇರಿಕಾ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿ ಸ್ಯಾನ್ ಆಂಟೋನಿಯೋ ಎಂಬ ಪಟ್ಟಣವಿದೆ. 1718ರಲ್ಲಿ ರೋಮನ್ ಕಥೋಲಿಕ ಮಿಶನೆರಿಗಳು ನೀರಿನ ಆಸರೆಯನ್ನು ನೋಡಿಯೇ ಅಲ್ಲಿ ನೆಲೆಯೂರಿದರು. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ 14 ಲಕ್ಷಕ್ಕೂ ಮಿಕ್ಕಿತ್ತು. ಆ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ಬಂಡೆಯು ಜೇನುಗೂಡಿನಂತೆ ತೂತುಬಿದ್ದು, ಬಿದ್ದ ಮಳೆಯನ್ನು ತನ್ನೊಳಗೆ ಕೂಡಿಸಿಟ್ಟುಕೊಳ್ಳುವದು. ಇದನ್ನು ಎಡ್ವರ್ಡ್ಸ್ ಭೂಜಲ ಭಂಡಾರವೆಂದು ಕರೆಯುತ್ತಾರೆ. ಪಟ್ಟಣದ ನಲ್ಲಿಗಳಿಗೂ ಸುತ್ತಣ ಒಕ್ಕಲಿಗರ ಹೊಲಗಳಿಗೂ ನೀರು ಬಹುಕಾಲ ಮುಖ್ಯವಾಗಿ ಇದರಿಂದಲೇ ಬಂತು. ಇದೇ ಭಂಡಾರವು ಕೋಮಲ್, ಸ್ಯಾನ್ ಮಾರ್ಕಸ್ ಎಂಬ ಎರಡು ಸ್ಥಳಗಳಲ್ಲಿ ದೊಡ್ಡ ಒರತೆಗಳಾಗಿ ಉಕ್ಕಿ ಹೊಳೆಯಾಗಿ ಹರಿಯುತ್ತದೆ.

ಆ ಒರತೆಗಳಲ್ಲಿ ಲೋಕದ ಬೇರೆಲ್ಲಿಯೂ ಸಿಕ್ಕದ ಜೀವಿಗಳು ವಾಸಮಾಡುತ್ತವೆ. ಫೌಂಟನ್ ಡಾರ್ಟರ್ ಎಂಬ ಮೀನು ಒಂದು ಅಂಗುಲದಷ್ಟು ಉದ್ದವಾದದ್ದು. ಆ ಎರಡು ಒರತೆಗಳ ನೀರೇ ಅದರ ಸೀಮೆ. ನೆಲದೊಳಗಿನ ಕತ್ತಲೆಯ ನೀರಿನಲ್ಲಿ ಸಾಲಮಾಂಡರ್ ಎಂಬ ಜಾತಿಯ ಒಂದು ಬಿಳಿಯ ಪ್ರಾಣಿಯುಂಟು. ಆಕಾರವು ಹಲ್ಲಿಯಂತೆ, ಆದರೆ ನೋಡುವ ಕಣ್ಣುಗಳಿಲ್ಲ. ಸ್ಯಾನ್ ಮಾರ್ಕಸ್ ಹೊಳೆಯ ಮೇಲ್ಭಾಗದಲ್ಲಿ ಮಾತ್ರ ಬೆಳೆಯುವ ಒಂದು ಕಾಡುಭತ್ತವೂ ಉಂಟು. ಮನುಷ್ಯರು ಇವುಗಳನ್ನು ಬಿತ್ತಲಿಲ್ಲ, ಸಾಕಲಿಲ್ಲ. ಸೃಷ್ಟಿಕರ್ತನು ತಗ್ಗುಗಳಲ್ಲಿ ಬುಗ್ಗೆಗಳನ್ನು ಹೊರಡಿಸಿ ಅಡವಿಯ ಮೃಗಗಳ ದಾಹವನ್ನು ತೀರಿಸುತ್ತಾನೆಂದು 104ನೆಯ ಕೀರ್ತನೆಯು ತಿಳಿಸುವದಷ್ಟೆ? ಇವು ಆತನ ಮನೆಯ ಊಟದವು.

1950ರ ದಶಕದಲ್ಲಿ ಆ ಸೀಮೆಗೆ ಘೋರವಾದ ಬರಗಾಲ ಬಂತು. ಮಳೆ ನಿಂತರೂ ಪಂಪುಗಳು ನಿಲ್ಲಲಿಲ್ಲ. 1956ರಲ್ಲಿ ಕೋಮಲ್ ಒರತೆಯು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬತ್ತಿಹೋಯಿತು. ಅಲ್ಲಿಯ ಡಾರ್ಟರ್ ಮೀನಿನ ಸಂತತಿಯು ಇಲ್ಲದೆ ಹೋಯಿತು. 1975ರಲ್ಲಿ ಸ್ಯಾನ್ ಮಾರ್ಕಸ್ ಒರತೆಯ ಮೀನುಗಳನ್ನು ತಂದುಬಿಟ್ಟು ಆ ಸಂತತಿಯನ್ನು ತಿರಿಗಿ ಎಬ್ಬಿಸಬೇಕಾಯಿತು. ಎರಡನೆಯ ಒರತೆಯೂ ಬತ್ತಿದ್ದರೆ ತಂದುಬಿಡುವದಕ್ಕೆ ಎಲ್ಲಿಯೂ ಏನೂ ಇರುತ್ತಿರಲಿಲ್ಲ.

ಪಂಪುಗಳನ್ನು ತಡೆಯುವ ಕಾನೂನು ಇರಲಿಲ್ಲವೇ ಎಂದು ಕೇಳುವಿರಿ. ಕಾನೂನು ಇತ್ತು, ಅದು ಪಂಪಿನ ಕಡೆಗೇ ಇತ್ತು. ಟೆಕ್ಸಾಸಿನಲ್ಲಿ ಒಂದು ರೈಲ್ವೆ ಕಂಪನಿಯವರು ದೊಡ್ಡ ಬಾವಿ ತೋಡಿದ್ದರಿಂದ ನೆರೆಯವನ ಮನೆಬಾವಿಯು ಒಣಗಿಹೋಯಿತು. ಆ ವ್ಯಾಜ್ಯದಲ್ಲಿ ಅಲ್ಲಿಯ ಉಚ್ಚ ನ್ಯಾಯಸ್ಥಾನವು 1904ರಲ್ಲಿ, ತನ್ನ ನೆಲದಡಿಯ ನೀರನ್ನು ಒಡೆಯನು ಬೇಕಾದಷ್ಟು ಎತ್ತಬಹುದು, ನೆರೆಯವನಿಗೆ ಪರಿಹಾರವಿಲ್ಲ ಎಂದು ತೀರ್ಪುಕೊಟ್ಟಿತು. ನಾವು ಇದನ್ನು ಪರದೇಶದ ಸಂಗತಿಯೆಂದು ತಳ್ಳಿಬಿಡಲಾಗದು. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯಿದೆಯೂ ನೆಲದೊಡೆಯನಿಗೆ ಬಹುಮಟ್ಟಿಗೆ ಇಂಥ ಹಕ್ಕನ್ನೇ ಕೊಟ್ಟಿದೆ. ಕಾನೂನು ಬಿಟ್ಟದ್ದನ್ನೆಲ್ಲಾ ಮಾಡಬಹುದಾದರೂ ಎಲ್ಲವೂ ಹಿತಕರವಲ್ಲವೆಂದು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬುದ್ಧಿಹೇಳಿದ್ದು ಇಂಥ ಸ್ಥಳಕ್ಕೂ ಸಲ್ಲುತ್ತದೆ.

1973ರಲ್ಲಿ ಅಮೇರಿಕಾದ ಸರಕಾರವು ಅಳಿದುಹೋಗುವ ಅಪಾಯದಲ್ಲಿರುವ ಜೀವಿಗಳ ರಕ್ಷಣೆಗೆ ಕಾಯಿದೆಯನ್ನು ಮಾಡಿತು. ಆ ಕಾಯಿದೆಯ ಆಧಾರದಿಂದ ಸಿಯೆರಾ ಕ್ಲಬ್ ಎಂಬ ಸಂಘದವರು 1991ರಲ್ಲಿ ದಾವೆ ಹೂಡಿದರು. 1993ರಲ್ಲಿ ಲೂಷಿಯಸ್ ಬಂಟನ್ ಎಂಬ ನ್ಯಾಯಾಧಿಪತಿಯು ಒರತೆಗಳ ಹರಿವನ್ನು ಕಾಯತಕ್ಕದ್ದೆಂದು ತೀರ್ಪುಮಾಡಿದನು. ಅದೇ ವರ್ಷ ಟೆಕ್ಸಾಸಿನ ಶಾಸನಸಭೆಯು ಆ ಭಂಡಾರದ ಮೇಲ್ವಿಚಾರಣೆಗೆಂದು ಎಡ್ವರ್ಡ್ಸ್ ಅಕ್ವಿಫರ್ ಅಥಾರಿಟಿ ಎಂಬ ಮಂಡಳಿಯನ್ನು ಸ್ಥಾಪಿಸುವ ಕಾಯಿದೆ ಮಾಡಿತು. ಮಂಡಳಿಯು 1996ರಲ್ಲಿ ಕೆಲಸಕ್ಕೆ ತೊಡಗಿತು.

ಇಲ್ಲಿ ಕೆಲವರು ಎದುರು ಮಾತಾಡುವರು: “ಒಂದು ಅಂಗುಲದ ಮೀನಿಗಾಗಿ ಮನುಷ್ಯರು ಬಾಯಾರಿ ಇರಬೇಕೋ? ಮನುಷ್ಯನು ಹೆಚ್ಚಿನವನಲ್ಲವೋ?” ಇದು ನ್ಯಾಯವಾದ ಪ್ರಶ್ನೆಯಾದದರಿಂದ ಇದನ್ನು ಹಗುರವಾಗಿ ಎಣಿಸಬಾರದು. ನಮ್ಮ ಕರ್ತನು ಗುಬ್ಬಿಗಳ ವಿಷಯವಾಗಿ ಹೇಳಿದ್ದನ್ನು ಮತ್ತಾಯ 10ನೆಯ ಅಧ್ಯಾಯದಲ್ಲಿ ನೋಡಿರಿ. ನಾವು ಬಹಳ ಗುಬ್ಬಿಗಳಿಗಿಂತ ಹೆಚ್ಚಿನವರೆಂದು ಆತನೇ ಹೇಳಿದನು. ಅದನ್ನು ಹೇಳುವದಕ್ಕೆ ಮುಂಚೆ, ಕಾಸಿಗೆ ಮಾರುವ ಆ ಗುಬ್ಬಿಗಳಲ್ಲಿ ಒಂದಾದರೂ ತಂದೆಯನ್ನು ಬಿಟ್ಟು ನೆಲಕ್ಕೆ ಬೀಳುವದಿಲ್ಲವೆಂದೂ ಹೇಳಿದನು. ಈ ಎರಡು ಮಾತುಗಳಲ್ಲಿ ಒಂದನ್ನು ಹಿಡಿದು ಒಂದನ್ನು ಬಿಡುವ ಅಧಿಕಾರವು ನಮಗಿಲ್ಲ. ಹಿರಿಮಗನು ಕಿರಿಯನಿಗಿಂತ ಹೆಚ್ಚಿನವನೆಂದು ಕಿರಿಯನ ಅನ್ನವನ್ನು ಕಸಿದುಕೊಳ್ಳುವನೋ? ಹಿರಿತನವು ಕಾಯುವ ಹೊಣೆಯನ್ನು ಹೆಚ್ಚಿಸುತ್ತದೆ. ಅಲ್ಲದೆ ಜಲಪ್ರಳಯದ ತರುವಾಯ ದೇವರು ನೋಹನೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಟ ಸಕಲ ಪ್ರಾಣಿಗಳೊಂದಿಗೂ ಒಡಂಬಡಿಕೆ ಮಾಡಿದನೆಂಬದು ಆದಿಕಾಂಡ 9ನೆಯ ಅಧ್ಯಾಯದಲ್ಲಿ ಬರೆದದೆ.

ಇನ್ನು ಸ್ಯಾನ್ ಆಂಟೋನಿಯೋದವರು ಮೀನನ್ನೂ ಮನುಷ್ಯರನ್ನೂ ಕೂಡ ಬದುಕಿಸುವದಕ್ಕೆ ಹಿಡಿದ ದಾರಿಯಲ್ಲಿ ಮೂರು ಸಂಗತಿಗಳನ್ನು ನೋಡೋಣ.

ಮೊದಲನೆಯದು, ಅಳತೆ. ವರ್ಷವೊಂದಕ್ಕೆ ಭಂಡಾರದಿಂದ ಎತ್ತುವದಕ್ಕೆ ಅಪ್ಪಣೆಯಾದ ನೀರಿನ ಮೊತ್ತವು 5,72,000 ಎಕರೆ-ಅಡಿಗಳನ್ನು ಮೀರಕೂಡದೆಂದು 2007ರಲ್ಲಿ ಶಾಸನವಾಯಿತು. ಎಕರೆ ಹೊಲದಲ್ಲಿ ಒಂದು ಅಡಿ ನೀರು ನಿಂತರೆ ಅದೇ ಒಂದು ಎಕರೆ-ಅಡಿ. ಇದಲ್ಲದೆ ಅಳತೆಗೆಂದೇ ಒಂದು ಬಾವಿಯಿದೆ. ಅದರ ನೀರಿನ ಮಟ್ಟವು ಸಮುದ್ರಮಟ್ಟದಿಂದ 660 ಅಡಿಗಿಂತ ಕೆಳಗಿಳಿಯಿತೆಂದರೆ ಆ ಭಾಗದಲ್ಲಿ ಅಪ್ಪಣೆ ಪಡೆದವರು ತಮ್ಮ ಪಾಲಿನಲ್ಲಿ ನೂರಕ್ಕೆ 20ರಷ್ಟು ಕಡಿಮೆಮಾಡತಕ್ಕದ್ದು. ಬರವು ಬಲವಾದಂತೆ ಈ ಕಡಿತವು ನೂರಕ್ಕೆ 44ರ ವರೆಗೂ ಏರುವದು. ಹಾರಾನಿನ ಬಾವಿಯ ಬಾಯಿಗೆ ಇಟ್ಟಿದ್ದ ದೊಡ್ಡ ಕಲ್ಲನ್ನು ನೆನಸಿರಿ (ಆದಿಕಾಂಡ 29). ಮಂದೆಗಳೆಲ್ಲಾ ಕೂಡಿಬಂದ ಮೇಲೆಯೇ ಆ ಕಲ್ಲನ್ನು ಉರುಳಿಸುವದು ಅಲ್ಲಿಯ ಪದ್ಧತಿಯಾಗಿತ್ತು. ಎಲ್ಲರಿಗೂ ಕಾಣುವ ಅಳತೆಯಿದ್ದಲ್ಲಿ ಬಲಿಷ್ಠನ ಇಷ್ಟವು ಕಟ್ಟಳೆಯಾಗುವದಿಲ್ಲ.

ಎರಡನೆಯದು, ಕೂಡಿಡುವದು. ಪಟ್ಟಣದ ನೀರು ಸರಬರಾಜು ಸಂಸ್ಥೆಯವರು ಮಳೆ ಚೆನ್ನಾಗಿರುವ ಕಾಲದಲ್ಲಿ ಎಡ್ವರ್ಡ್ಸ್ ಭಂಡಾರದ ನೀರನ್ನು ಕೊಳವೆಗಳ ಮೂಲಕ ಪಟ್ಟಣದ ದಕ್ಷಿಣಕ್ಕೆ ಸಾಗಿಸಿ, ಅಲ್ಲಿಯ ನೆಲದಡಿಯ ಮರಳುಪದರಿನಲ್ಲಿ ಇಳಿಸಿಡುತ್ತಾರೆ. ಈ ಕೆಲಸವು 2004ರಲ್ಲಿ ಆರಂಭವಾಯಿತು. ಬರ ಬಂದಾಗ ಅದೇ ನೀರನ್ನು ಮೇಲಕ್ಕೆತ್ತಿ ಪಟ್ಟಣಕ್ಕೆ ಕೊಟ್ಟು, ಒರತೆಗಳ ಮೇಲಿನ ಭಾರವನ್ನು ಇಳಿಸುತ್ತಾರೆ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷಗಳಲ್ಲಿ ಧಾನ್ಯವನ್ನು ಕೂಡಿಸಿಟ್ಟ ವಿವೇಕವು ಇದೇ. ಬರದಲ್ಲಿ ಅಳುವದು ಎಲ್ಲರಿಗೂ ಬರುವದು. ಸುಭಿಕ್ಷದಲ್ಲಿ ಕೈ ಹಿಡಿಯುವದು ಕೃಪೆಯಿಂದ ಕಲಿಯತಕ್ಕ ವಿದ್ಯೆ.

ಮೂರನೆಯದು, ಭಾರವನ್ನು ಹಂಚಿಕೊಳ್ಳುವದು. ಸಂಯುಕ್ತ ಸರಕಾರವು 2013ರಲ್ಲಿ ಒಂದು ಜೀವಿರಕ್ಷಣಾ ಯೋಜನೆಗೆ 15 ವರ್ಷಗಳ ಅಪ್ಪಣೆ ಕೊಟ್ಟಿತು. ಅದರಲ್ಲಿ ಪಟ್ಟಣಗಳೂ ನೀರಿನ ಸಂಸ್ಥೆಯೂ ಒಂದು ವಿಶ್ವವಿದ್ಯಾಲಯವೂ ಪಾಲುಗಾರರು. ಬರದ ವರ್ಷದಲ್ಲಿ ತಮ್ಮ ಹೊಲಗಳಿಗೆ ನೀರೆತ್ತದೆ ಇರುವದಕ್ಕೆ ಒಪ್ಪಿಕೊಂಡ ಒಕ್ಕಲಿಗರಿಗೆ ವರ್ಷವರ್ಷವೂ ಹಣ ಕೊಡಲಾಗುತ್ತದೆ. ನಿಜವಾಗಿ ನಿಲ್ಲಿಸಬೇಕಾದ ವರ್ಷದಲ್ಲಿ ಇನ್ನೂ ಹೆಚ್ಚಿಗೆ ಕೊಡುತ್ತಾರೆ. ಯಾರನ್ನೂ ಬಲವಂತದಿಂದ ಇದಕ್ಕೆ ಸೇರಿಸುವದಿಲ್ಲ. ಪಟ್ಟಣದವರೂ ತಮ್ಮ ಬಳಕೆಯನ್ನು ತಗ್ಗಿಸಿದ್ದಾರೆ. 1980ರ ದಶಕದ ಆರಂಭದಲ್ಲಿ ತಲೆಗೆ ದಿನವೊಂದಕ್ಕೆ 200 ಗ್ಯಾಲನ್‌ಗಳಿಗೂ ಮಿಕ್ಕಿದ್ದ ಬಳಕೆಯು ಇತ್ತೀಚಿನ ವರ್ಷಗಳಲ್ಲಿ 130ರ ಕೆಳಗೆ ಇಳಿದಿದೆ. ಅಲ್ಲಿಯ ಗ್ಯಾಲನ್ ಎಂದರೆ ಸುಮಾರು 3.8 ಲೀಟರ್.

ಈ ಲೆಕ್ಕವನ್ನು ನಮ್ಮ ಕೊಡದ ಪಕ್ಕದಲ್ಲಿಟ್ಟು ನೋಡಿರಿ. 2019ರಲ್ಲಿ ಆರಂಭವಾದ ಜಲಜೀವನ ಮಿಶನ್ ಹಳ್ಳಿಯ ಮನೆಗಳಿಗೆ ಗೊತ್ತುಮಾಡಿದ ಅಳತೆಯು ತಲೆಗೆ ದಿನಕ್ಕೆ 55 ಲೀಟರ್. ಆದಕಾರಣ ಈ ವೃತ್ತಾಂತವನ್ನು ಓದಿ, ಎರಡು ಕೊಡ ನೀರಿಗಾಗಿ ಬೆಳಗಿನ ಜಾವ ಎದ್ದು ನಿಲ್ಲುವ ತಾಯಿಗೆ, ಒಂದು ಕೊಡವನ್ನು ಮೀನಿಗೆ ಬಿಡಮ್ಮಾ ಎಂದು ಯಾರೂ ಬೋಧಿಸಬಾರದು. ಯೆಹೆಜ್ಕೇಲನ ಮೂಲಕ ದೇವರು ಗದರಿಸಿದ್ದು ಕೊಬ್ಬಿದ ಕುರಿಗಳನ್ನೇ ಹೊರತು ಬಡಕುರಿಗಳನ್ನಲ್ಲ. ಹೆಚ್ಚು ಕುಡಿದವನೇ ಮೊದಲು ಹಿಂದಕ್ಕೆ ಸರಿಯತಕ್ಕದ್ದು.

ಆದರೆ ನಮ್ಮ ಸಭೆಗಳಲ್ಲಿಯೂ ಕೊಬ್ಬಿದ ಕುರಿಗಳಿಲ್ಲವೋ? ನಮ್ಮ ಹಿರಿಯರಲ್ಲಿ ಅನೇಕರು ಊರಬಾವಿಯ ಕಟ್ಟೆಯನ್ನು ಮುಟ್ಟುವ ಹಕ್ಕಿಲ್ಲದೆ, ಮೇಲಿನವರು ದಯವಿಟ್ಟು ಎರೆದ ನೀರಿಗಾಗಿ ದೂರದಲ್ಲಿ ಕಾದುನಿಂತವರು. ಹಗ್ಗ ಹಿಡಿದವನು ಹಿಂದೆ ನಿಂತವನನ್ನು ಮರೆತರೆ ಆಗುವ ನೋವು ಎಂಥದೆಂದು ಪುಸ್ತಕದಿಂದ ಕಲಿಯಬೇಕಾದ ಜನರು ನಾವಲ್ಲ. ಈಗ ಕರ್ತನ ದಯೆಯಿಂದ ನಮ್ಮವರಲ್ಲಿ ಕೆಲವರಿಗೆ ಹೊಲವೂ ಕೊಳವೆಬಾವಿಯೂ ಉಂಟಾಗಿವೆ. ನೆರೆಯ ವಿಧವೆಯ ತೋಡುಬಾವಿ ಬತ್ತಿದರೂ ಇನ್ನೂ ನೂರು ಅಡಿ ಆಳಕ್ಕೆ ಕೊರೆಸುವವನು, ಕೆರೆಯ ಕೊನೆಯ ಮಡುವಿನ ನೀರನ್ನೂ ಪಂಪಿಟ್ಟು ಬರಿದುಮಾಡುವವನು, ಮೀನಿಗಾಗಿ ಹಳ್ಳದ ಗುಂಡಿಗೆ ವಿಷ ಬೆರಸುವವನು, ಭಾನುವಾರ ನಮ್ಮ ಪಕ್ಕದಲ್ಲಿಯೇ ಕೂತು ಕೀರ್ತನೆ ಹಾಡಬಹುದು. ಅವನು ಯಾವ ಕಾನೂನನ್ನೂ ಮೀರದೆ ಇದ್ದರೂ ಇರಬಹುದು. ಆದರೂ ಉಳಿದ ನೀರಿನ ವಿಷಯವಾಗಿ ಕೇಳುವ ಒಬ್ಬ ನ್ಯಾಯಾಧಿಪತಿಯು ಇದ್ದಾನೆ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಕಟ್ಟಳೆಯಿದೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳನ್ನು ತೆಗೆದುಕೊಳ್ಳಬಹುದು. ತಾಯಿಹಕ್ಕಿಯನ್ನು ಮಾತ್ರ ಬಿಟ್ಟುಬಿಡತಕ್ಕದ್ದು. ದೇವರು ನಮ್ಮ ಹಸಿವನ್ನು ನಿಂದಿಸಲಿಲ್ಲ, ತೆಗೆದುಕೊಳ್ಳುವದನ್ನು ಬೇಡವೆನ್ನಲಿಲ್ಲ. ಬೇರನ್ನು ಕೀಳಬೇಡ, ನಾಳೆಗೆ ಸಂತತಿಯನ್ನು ಬಿಡು ಎಂಬದೇ ಈ ಕಟ್ಟಳೆಯ ತಾತ್ಪರ್ಯ. ಮಡುವಿನಲ್ಲಿ ಒಂದು ಮೊಳ ನೀರನ್ನು ಬಿಡುವದು ತಾಯಿಹಕ್ಕಿಯನ್ನು ಬಿಟ್ಟಂತೆಯೇ. ಮುಂದಿನ ಮಳೆಯ ತನಕ ಮೀನೂ ಆಮೆಯೂ ಅಲ್ಲಿ ಜೀವ ಹಿಡಿದುಕೊಂಡಿರುವವು. ದನಕರುಗಳೂ ಬಂದು ಕುಡಿಯುವವು.

ತಡಮಾಡಿದರೆ ಏನಾಗುವದೆಂಬದಕ್ಕೂ ಸ್ಯಾನ್ ಮಾರ್ಕಸ್ ಹೊಳೆಯೇ ಸಾಕ್ಷಿ. ಅಲ್ಲಿ ಗಾಂಬೂಸಿಯಾ ಜಾತಿಯ ಒಂದು ಸಣ್ಣ ಮೀನಿತ್ತು. 1983ರ ಈಚೆಗೆ ಅದನ್ನು ಹೊಳೆಯಲ್ಲಿ ಕಂಡವರಿಲ್ಲ. 2023ರಲ್ಲಿ ಸರಕಾರವು ಅದನ್ನು ಅಳಿದುಹೋದದ್ದೆಂದು ಸಾರಿ ರಕ್ಷಣೆಯ ಪಟ್ಟಿಯಿಂದ ತೆಗೆದುಹಾಕಿತು. ಕಾಯಿದೆ ಬಂತು, ಮಂಡಳಿ ಬಂತು, ಹಣವೂ ಬಂತು. ಆ ಮೀನು ಮಾತ್ರ ಬರಲಿಲ್ಲ. ಪಶ್ಚಾತ್ತಾಪಕ್ಕೆ ದೇವರ ಕ್ಷಮೆ ಉಂಟು. ಆದರೆ ಸಮಯವಿರುವಾಗ ಮಾಡದ ಕೆಲವು ಕೆಲಸಗಳನ್ನು ಆ ಮೇಲೆ ಕಣ್ಣೀರಿನಿಂದ ಮಾಡಲಾಗದು.

ಆದದರಿಂದ ಪ್ರಿಯರೇ, ಈ ಬೇಸಿಗೆ ಬರುವದಕ್ಕೆ ಮುಂಚೆ ಸಭೆಯ ಹಿರಿಯರು ಕೂಡಿ ತಮ್ಮ ಊರಿನ ಬಾವಿ, ಕೆರೆ, ಹಳ್ಳಗಳನ್ನು ನೋಡಿಬರಲಿ. ಬಾವಿಯ ಗೋಡೆಗೆ ಒಂದು ಗೆರೆ ಹಾಕಿ, ನೀರು ಆ ಗೆರೆಗಿಂತ ಇಳಿದರೆ ಯಾರು ಯಾರು ಎಷ್ಟು ಕಡಿಮೆಮಾಡಬೇಕೆಂದು ಊರವರೆಲ್ಲರೊಡನೆ, ಅನ್ಯಮತದ ನೆರೆಯವರೊಡನೆಯೂ, ಕೂತು ಗೊತ್ತುಮಾಡಿಕೊಳ್ಳಲಿ. ಹೆಚ್ಚುಳ್ಳವರು ಹೆಚ್ಚು ಬಿಡಲಿ. ಬೆಳೆಯನ್ನು ಬಿಟ್ಟವನ ನಷ್ಟವನ್ನು ಮಿಕ್ಕವರು ಕೂಡಿ ಹೊರಲಿ. ಕೆರೆಯ ಹೂಳನ್ನು ತೆಗೆಯುವ ದಿನ ನಮ್ಮ ಸಭೆಯವರ ಗುದ್ದಲಿಯು ಮೊದಲು ಬೀಳಲಿ.

ಸಮಾರ್ಯದ ಬಾವಿಯ ಬಳಿ ದಣಿದು ಕೂತು ನೀರು ಕೇಳಿದ ನಮ್ಮ ಕರ್ತನಾದ ಯೇಸು ಕ್ರಿಸ್ತನು, ದಾಹಪಡುವವರೆಲ್ಲರನ್ನೂ ಬಲ್ಲವನಾದದರಿಂದ, ನಮಗೆ ಸಾಕೆನ್ನುವ ಮನಸ್ಸನ್ನೂ ಹಿಂದೆ ಬರುವವರನ್ನು ನೆನಸುವ ಪ್ರೀತಿಯನ್ನೂ ದಯಪಾಲಿಸಲಿ. ಆಮೆನ್.