ಪೌಂಡ್ ಗುರುತಿನೊಳಗಿನ ನಕಾರ

(ಅಂಕೋಲಾ ಪೇಟೆಯ ಒಂದು ಮನೆಯ ಜಗಲಿ. ಮಳೆ ಹಿಡಿದ ಸಂಜೆ, ಕರೆಂಟು ಹೋಗಿದೆ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಇನ್ನೂ ಜೀವ ಇದೆ. ಕೂತವರು ಮೂವರು: ಕನ್ನಡದಲ್ಲಿ ಬ್ಲಾಗು ಬರೆಯುತ್ತ ಬಂದ ಬ್ಲಾಗಿಗ, ಸೀಸದ ಮೊಳೆ ಜೋಡಿಸುವುದರಲ್ಲೇ ಆಯುಷ್ಯ ಕಳೆದ ಕಂಪೋಸಿಟರ್, ಬಡಗೇರಿ ಕಡೆಯ ಮಕ್ಕಳಿಗೆ ಪಾಠ ಹೇಳುವ ಟೀಚರ್.)

ಕಂಪೋಸಿಟರ್: ಇದೇನು ತಮಾ, ಪರದೆ ತುಂಬ ಇಂಗ್ಲಿಷಿನ ಚೂರುಪಾರು?

ಬ್ಲಾಗಿಗ: ಇದು ಕನ್ನಡವೇ ಕಾಕಾ. ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಫೈಲು. ಈ ಲ್ಯಾಪ್‌ಟಾಪಿಗೆ ಆ ಫಾಂಟು ಹಾಕಿಲ್ಲ, ಅದಕ್ಕೇ ಹೀಗೆ ಕಾಣುತ್ತದೆ. ಈ ಸಾಲು ನೋಡಿ. ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಸಣ್ಣ ಕ್ಯೂ, ಇನ್ನೊಂದು ಎ. ಒಟ್ಟು ಏಳು ಗುರುತು. ಇದು ‘ಕನ್ನಡ’ ಅನ್ನುವ ಪದ.

ಟೀಚರ್: ಇದರಲ್ಲಿ ಪೌಂಡ್ ಯಾವ ಅಕ್ಷರ?

ಬ್ಲಾಗಿಗ: ತಲೆಕಟ್ಟಿಲ್ಲದ ನ. ಪಕ್ಕದ ಎ ಅದರ ತಲೆಕಟ್ಟು. ಜರ್ಮನ್ ಎಸ್ ನಕಾರದ ಒತ್ತು. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ, ಅವೂ ಯುರೋಪಿನ ಲಿಪಿಗಳಿಗೆಂದು ಹಂಚಿ ಹೋಗಿದ್ದವು. ನಮ್ಮವರು ಆ ಮನೆಗಳೊಳಗೆ ಕನ್ನಡದ ತುಂಡುಗಳನ್ನು ಕೂರಿಸಿದರು. ಫಾಂಟು ಇರುವ ತನಕ ಎಲ್ಲ ಸರಿ. ಫಾಂಟು ಹೋದರೆ ಮನೆಯ ಮೂಲ ಮಾಲೀಕರು ಹೊರಗೆ ಬರುತ್ತಾರೆ.

ಕಂಪೋಸಿಟರ್: ಹಾಗಾದರೆ ಇದು ನನ್ನ ಮೊಳೆಯ ಕೇಸೇ ಆಯಿತು! ನಮಗೂ ಒತ್ತು ಬೇರೆ ಮನೆಯಲ್ಲಿ, ಕೊಂಬು ಬೇರೆ ಮನೆಯಲ್ಲಿ. ಬೆರಳಿಗೆ ಮನೆ ಗೊತ್ತಿದ್ದರೆ ಕಣ್ಣು ಹಸ್ತಪ್ರತಿಯ ಮೇಲಿದ್ದರೂ ನಡೆಯುತ್ತಿತ್ತು. ನೀನು ಈ ಹಳೆಯದನ್ನೆಲ್ಲ ಯಾಕೆ ಬದಲಿಸಲಿಕ್ಕೆ ಹೊರಟಿದ್ದಿ?

ಬ್ಲಾಗಿಗ: ಇದು ಕನ್ನಡದಂತೆ ಕಾಣುತ್ತಿತ್ತು, ಅಷ್ಟೇ. ಕನ್ನಡ ಆಗಿರಲಿಲ್ಲ.

ಕಂಪೋಸಿಟರ್: ಈ ಮಾತು ನನಗೆ ಒಪ್ಪಿಗೆಯಿಲ್ಲ. ನನ್ನ ಮೊಳೆಗೆ ತಾನು ಕನ್ನಡ ಅಂತ ಯಾವತ್ತು ಗೊತ್ತಿತ್ತು? ಅದು ಸೀಸ. ಸಾಲದ್ದಕ್ಕೆ ಉಲ್ಟಾ ಸೀಸ. ಮಸಿ ಹಚ್ಚಿ, ಕಾಗದಕ್ಕೆ ಒತ್ತಿ, ಓದುವವನ ಕಣ್ಣಿಗೆ ಬಿದ್ದ ಮೇಲೆಯೇ ಅಕ್ಷರ. ಕಂಡದ್ದೇ ಅಕ್ಷರ ತಮಾ. ಕಾಣುವುದರ ಹಿಂದೆ ಇನ್ನೊಂದು ನಿಜವಾದ ಕನ್ನಡ ಕೂತಿದೆ ಅನ್ನುವುದು ನಿಮ್ಮ ಕಂಪ್ಯೂಟರಿನವರ ಅಧ್ಯಾತ್ಮ.

ಬ್ಲಾಗಿಗ: ನಿಮ್ಮ ಅಕ್ಷರ ಕಾಗದಕ್ಕೆ ಇಳಿದ ಮೇಲೆ ಅದಕ್ಕೆ ಮೊಳೆಯ ಹಂಗಿಲ್ಲ. ಮೊಳೆಯನ್ನು ಕರಗಿಸಿ ಮಾರಿದರೂ ಪತ್ರಿಕೆ ಓದಲು ಸಿಗುತ್ತದೆ. ನನ್ನ ಫೈಲು ಹಾಗಲ್ಲ, ತೆರೆದಾಗಲೆಲ್ಲ ಅದಕ್ಕೆ ಫಾಂಟಿನ ಹಂಗು. ಯುನಿಕೋಡ್ ಆ ಹಂಗು ಬಿಡಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದೆ. ಅಲ್ಲಿ ಇದೇ ಪದಕ್ಕೆ ಐದೇ ಗುರುತು: ಕ, ನ, ಹಲಂತ, ನ, ಡ. ಒತ್ತಿನ ಆಕಾರ ಎಲ್ಲೂ ಇಲ್ಲ ನೋಡಿ, ‘ನಕಾರಕ್ಕೆ ನಕಾರ ಸೇರಿದೆ’ ಅನ್ನುವ ಸಂಗತಿ ಮಾತ್ರ ಇದೆ. ಚಿತ್ರ ಬರೆಯುವುದು ಯಾವ ಫಾಂಟಾದರೂ ಮಾಡಬಹುದಾದ ಕೆಲಸ. ಕಿನ್ನಿಕಂಬಳ ಪದ್ಮನಾಭ ರಾಯರು ಕೀಲಿಮಣೆ ಮಾಡಿದಾಗ ಹಿಡಿದದ್ದೂ ಇದೇ ದಾರಿ. ಬೆರಳು ಒತ್ತಬೇಕಾದ್ದು ಉಚ್ಚಾರವನ್ನು, ಆಕಾರವನ್ನಲ್ಲ.

ಟೀಚರ್: ಓದುವವರಿಗೆ ಇದರಿಂದ ಏನು ವ್ಯತ್ಯಾಸ? ನನ್ನ ಕಣ್ಣಿಗೆ ಎರಡೂ ಒಂದೇ.

ಬ್ಲಾಗಿಗ: ನಿಮ್ಮ ಕಣ್ಣಿಗೆ ಹೌದು. ಕಣ್ಣು ಕಾಣದ ಒಬ್ಬರು ಇದನ್ನೇ ಫೋನಿನಿಂದ ಗಟ್ಟಿಯಾಗಿ ಓದಿಸಿದರೆ ಹೊಸ ಫೈಲು ‘ಕನ್ನಡ’ ಅನ್ನುತ್ತದೆ, ಹಳೆಯದು ‘ಪಿ, ಎ, ಪೌಂಡ್’ ಅಂತ ಹಲುಬುತ್ತದೆ. ದುಬೈಯಲ್ಲಿರುವ ಅಂಕೋಲೆಯ ಹುಡುಗಿ ‘ಕರಿ ಇಶಾಡ’ ಅಂತ ಹುಡುಕಿದರೆ ನಮ್ಮ ಮಾವಿನ ಹಣ್ಣಿನ ಬಗ್ಗೆ ಬರೆದದ್ದು ಹೊಸದರಲ್ಲಿ ಸಿಗುತ್ತದೆ, ಹಳೆಯದರಲ್ಲಿ ಜನ್ಮದಲ್ಲಿ ಸಿಗುವುದಿಲ್ಲ. ಕಾಕಾ, ‘ಕಂಡದ್ದೇ ಅಕ್ಷರ’ ಅಂದರೆ ಯಾರು ಕಂಡದ್ದು ಅಂತ ಕೇಳಬೇಕಾಗುತ್ತದೆ.

ಕಂಪೋಸಿಟರ್: (ಸ್ವಲ್ಪ ಹೊತ್ತು ಬಿಟ್ಟು) ಕುರುಡರ ಮಾತು ನನಗೆ ಹೊಳೆದಿರಲಿಲ್ಲ. ಅದನ್ನು ಒಪ್ಪಿದೆ. ಆದರೂ ಆಕಾರವನ್ನು ಅಷ್ಟು ಹಗುರ ಮಾಡಬೇಡ.

ಬ್ಲಾಗಿಗ: ಹಗುರ ಮಾಡಲಾರೆ. ನನಗೆ ಫೋನಿನಲ್ಲಿ ಕನ್ನಡ ಮೊದಲು ಸಿಕ್ಕಿದ್ದೇ ಆಕಾರವಾಗಿ. ಕೀಪ್ಯಾಡಿನ ಸಣ್ಣ ಫೋನು, ಕನ್ನಡ ತೆರೆದರೆ ಬರೀ ಡಬ್ಬಿ ಡಬ್ಬಿ. ಒಪೆರಾ ಮಿನಿ ಅನ್ನುವ ಬ್ರೌಸರಿನ ಒಳಗೆ ಗುಟ್ಟಿನಲ್ಲಿಟ್ಟಂಥ ಒಂದು ಸೆಟ್ಟಿಂಗ್ ಇತ್ತು. ವಿಳಾಸದ ಜಾಗದಲ್ಲಿ ‘ಕಾನ್ಫಿಗ್’ ಪುಟದ ಹೆಸರು ಹೊಡೆದು, ಕೆಳಗೆ ಕೆಳಗೆ ಹೋಗಿ, ತೊಡಕಿನ ಲಿಪಿಗಳನ್ನು ಚಿತ್ರವಾಗಿ ಕಳಿಸು ಅನ್ನುವ ಕಡೆ ‘ಯೆಸ್’ ಮಾಡಬೇಕು. ಆಗ ದೂರದ ಅವರ ಸರ್ವರು ಅಕ್ಷರಗಳ ಚಿತ್ರ ತೆಗೆದು ಕಳಿಸುತ್ತಿತ್ತು. ಡಬ್ಬಿಗಳಿದ್ದ ಕಡೆ ಕನ್ನಡ ಬಂತಲ್ಲ, ಆ ಸಂತೋಷವನ್ನು ಆಮೇಲೆ ಎಂಥ ದುಬಾರಿ ಫೋನು ಕೊಂಡರೂ ನಾನು ಕಂಡಿಲ್ಲ. ಬಸ್ಸಿನಲ್ಲಿ ಕೂತು ‘ಸಂಪದ’ ಜಾಲತಾಣ ಓದುತ್ತಿದ್ದೆ. ಪವನಜರು 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣ ತೆರೆದದ್ದು, ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಕೊಟ್ಟದ್ದು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದದ್ದು, ಎಲ್ಲ ಗೊತ್ತಾದದ್ದು ಆ ಅಂಗೈ ಅಗಲದ ಪರದೆಯಿಂದ.

ಟೀಚರ್: ನಿಮಗೆ ಹೊಸ ಸಾಮಾನು ಬಂದರೆ ಇಷ್ಟು ಹುರುಪು ಯಾಕೆ ಅಂತ ನಾನು ಯಾವಾಗಲೂ ಯೋಚಿಸುತ್ತಿದ್ದೆ.

ಬ್ಲಾಗಿಗ: ಸಾಮಾನಿನ ಹುರುಪು ಅಲ್ಲ ಅದು. ಊರಿನಲ್ಲಿ ಕೂತೇ ಹೊರಗಿನವರೊಡನೆ ಮಾತಾಡಬಹುದು ಅನ್ನುವ ಹುರುಪು.

ಕಂಪೋಸಿಟರ್: ಅದು ನಮಗೂ ಇತ್ತು. ಈ ಅಂಕೋಲೆಯಲ್ಲಿ ಕೂತು ದಿನಕರ ದೇಸಾಯರು ‘ಜನಸೇವಕ’ ವಾರಪತ್ರಿಕೆ ನಡೆಸಿದರು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆಗೆದವರು, ಲೋಕಸಭೆಗೂ ಹೋದವರು, ನಾಲ್ಕು ಸಾಲಿನ ಚುಟುಕು ಬರೆಯುವುದನ್ನು ಮಾತ್ರ ಬಿಡಲಿಲ್ಲ. ಚುಟುಕು ಅಂದರೆ ಮೊಳೆ ಜೋಡಿಸುವವನಿಗೆ ಹಬ್ಬ. ಕಂಬದ ಕೆಳಗೆ ಜಾಗ ಉಳಿದರೆ ಅಲ್ಲಿ ಕೂರುತ್ತದೆ, ಓದುವವನು ಮೊದಲು ಅದನ್ನೇ ಓದುತ್ತಾನೆ. ಈಗಿನವರು ಸ್ಟೇಟಸ್ಸಿನಲ್ಲಿ ನಾಲ್ಕು ಸಾಲು ಹಾಕುವುದನ್ನು ನೋಡಿದರೆ ನನಗೆ ಬೇಜಾರಿಲ್ಲ. ಸಣ್ಣದು ಅಂತ ಬೇಜಾರು ಮಾಡಿದರೆ ದೇಸಾಯರಿಗೇ ಅವಮಾನ. ನನ್ನ ಬೇಜಾರು ಬೇರೆ. ಮರುದಿನ ಅದು ಇರುವುದಿಲ್ಲ.

ಬ್ಲಾಗಿಗ: 24 ತಾಸು, ಅಷ್ಟೇ. ಸ್ಟೇಟಸ್ಸಿನ ಗುಣವೇ ಅದು. ಆದರೆ ಉಳಿಯುತ್ತದೆ ಅಂದುಕೊಂಡದ್ದೂ ಹೋಗಿದೆ ಕಾಕಾ. ಜನ ಮನೆ ಕಟ್ಟಿದ ಹಾಗೆ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಹೋಯಿತು. ಬ್ಲಾಗು ಓದುವವರನ್ನೂ ಬರೆಯುವವರನ್ನೂ ಒಂದೇ ಹಜಾರದಲ್ಲಿ ಕೂರಿಸಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಮರುವರ್ಷ ಆರ್ಕುಟ್. ಅದಕ್ಕೇ ನನಗೆ ಈ ತವಕ. ಎಲ್ಲವನ್ನೂ ಯುನಿಕೋಡಿಗೆ ತಂದು, ನಾಲ್ಕು ಕಡೆ ಪ್ರತಿ ಇಟ್ಟರೆ ಉಳಿಯುತ್ತದೆ.

ಟೀಚರ್: ಇಟ್ಟದ್ದು ಉಳಿಯುತ್ತದೆ. ಆದರೆ ನೆನಪು ಉಳಿಯುತ್ತದೆಯಾ? ನಾನು ಪಾಠ ಹೇಳುವ ಕಡೆಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡರು, ಓದು ಬರಹ ಕಲಿತವರಲ್ಲ. ಹಾಲಕ್ಕಿ ಸಮುದಾಯದ ಹಾಡಿನ ಗಂಟೇ ಅವರ ಹತ್ತಿರ ಇತ್ತು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಹೋದರು. ಅದಕ್ಕೆ ಎರಡು ತಿಂಗಳು ಮೊದಲು ಹೊನ್ನಳ್ಳಿಯ ತುಳಸಿ ಗೌಡರು ಹೋಗಿದ್ದರು. ಅವರೂ ಶಾಲೆಗೆ ಹೋದವರಲ್ಲ, ಕಾಡಿನ ಯಾವ ಮರ ತಾಯಿಮರ, ಯಾವಾಗ ಬೀಜ ತೆಗೆಯಬೇಕು ಅನ್ನುವುದೆಲ್ಲ ಅವರ ತಲೆಯಲ್ಲಿತ್ತು. ಇಬ್ಬರ ಬಗ್ಗೆಯೂ ವಿಡಿಯೊಗಳಿವೆ. ಸುಕ್ರಜ್ಜಿಯ ಹಾಡು ನನ್ನ ಫೋನಿನಲ್ಲೂ ಇದೆ. ಫೋನಿಗೆ ಆ ಹಾಡು ಬರುತ್ತದೆ ಅಂತ ನಾನು ಹೇಳಲಾರೆ.

ಬ್ಲಾಗಿಗ: ಆದರೆ ಮುಂದೆ ಒಬ್ಬ ಹುಡುಗಿ ಅದನ್ನು ಕೇಳಿ ಕಲಿಯಬಹುದಲ್ಲ? ರೆಕಾರ್ಡು ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಟೀಚರ್: ಕಲಿಯಬಹುದು. ಆದರೆ ರೆಕಾರ್ಡು ಇದೆ ಅನ್ನುವ ಕಾರಣಕ್ಕೆ ಕಲಿಯುವುದಿಲ್ಲ. ಮದುವೆಯ ಮನೆಯಲ್ಲಿ ‘ಬಾರೆ, ನೀನೂ ಒಂದು ಹಾಡು’ ಅಂತ ಯಾರಾದರೂ ಕೈ ಹಿಡಿದು ಎಳೆದರೆ ಕಲಿಯುತ್ತಾಳೆ. ಸುಕ್ರಜ್ಜಿಗೆ ಹಾಡು ಬಂದದ್ದೂ ಕೇಳುವವರು ಇದ್ದದ್ದರಿಂದ. ನೀವು ಜೋಪಾನದ ಬಗ್ಗೆ ಇಷ್ಟು ಯೋಚಿಸುತ್ತೀರಿ, ಕೇಳುವವರ ಬಗ್ಗೆ ಯೋಚಿಸುವುದಿಲ್ಲ.

ಬ್ಲಾಗಿಗ: ಯೋಚಿಸದೆ ಇಲ್ಲ. ಶಿರೂರಿನ ಗುಡ್ಡ ಕುಸಿದ ಮೇಲಿಂದ ನಾನು ಯೋಚಿಸುತ್ತಿರುವುದು ಅದೊಂದನ್ನೇ. 2024ರ ಜುಲೈ 16. ಆ ಬೆಳಿಗ್ಗೆಯಿಂದ ನಮ್ಮ ತಾಲೂಕಿನ ಹೆದ್ದಾರಿ ಲಕ್ಷಾಂತರ ಜನರ ಫೋನಿನಲ್ಲಿತ್ತು. ಡ್ರೋನು, ನೆಲದೊಳಗೆ ನೋಡುವ ರಾಡಾರು, ನದಿಗೆ ಸೋನಾರು, ನಾನು ಓದಿ ಓದಿ ಖುಷಿಪಟ್ಟಿದ್ದ ಯಂತ್ರಗಳೆಲ್ಲ ಗಂಗಾವಳಿ ನದಿಯ ದಡಕ್ಕೆ ಬಂದವು. ಕುಸಿತದಲ್ಲಿ ಕಾಣೆಯಾದ ಕೇರಳದ ಒಂದು ಲಾರಿಯ ಜಿಪಿಎಸ್ ಕೊನೆಯ ಬಾರಿ ಶಿರೂರನ್ನೇ ತೋರಿಸಿತ್ತು. ಹೆದ್ದಾರಿಯ ಮಣ್ಣನ್ನೆಲ್ಲ ಕೆದಕಿದರು. ಲಾರಿಯೂ ಚಾಲಕನ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವೆಯಿಂದ ಡ್ರೆಜ್ಜರ್ ಬಂದ ಮೇಲೆ, ನದಿಯ ಒಳಗೆ.

ಕಂಪೋಸಿಟರ್: ನಕಾಶೆಯ ಚುಕ್ಕಿ ಒಂದು, ಲಾರಿ ಇದ್ದದ್ದು ಇನ್ನೊಂದು ಕಡೆ.

ಬ್ಲಾಗಿಗ: ಚುಕ್ಕಿ ಸುಳ್ಳು ಹೇಳಿರಲಿಲ್ಲ ಕಾಕಾ. ಕೊನೆಗೆ ತನಗೆ ಗೊತ್ತಿದ್ದದ್ದನ್ನು ಹೇಳಿತ್ತು. ಆಮೇಲೆ ಮಣ್ಣು ಏನು ಮಾಡಿತು ಅನ್ನುವುದು ಚುಕ್ಕಿಗೆ ಗೊತ್ತಿಲ್ಲ. ಚುಕ್ಕಿಯನ್ನೇ ಲಾರಿ ಅಂದುಕೊಂಡದ್ದು ನೋಡುವವರು.

ಟೀಚರ್: ಆಚೆ ದಡದ ಉಳುವರೆಯ ಮಾತು ಯಾಕೆ ಯಾರೂ ಎತ್ತುವುದಿಲ್ಲ? ಗುಡ್ಡ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆ ಊರಿಗೆ ಬಡಿಯಿತು. ಮನೆಗಳು ಹೋದವು, ಒಬ್ಬ ಹೆಂಗಸಿನ ಜೀವ ಹೋಯಿತು. ಕ್ಯಾಮೆರಾಗಳೆಲ್ಲ ಈಚೆ ಹೆದ್ದಾರಿಯ ಮೇಲಿದ್ದವು. ಆಚೆಗೆ ಬಂದವು ಕೆಲವೇ ಕೆಲವು.

ಬ್ಲಾಗಿಗ: ಅದನ್ನೇ ಹೇಳಹೊರಟೆ. ಆ ತಿಂಗಳಲ್ಲಿ ನಮ್ಮ ಊರಿನ ಪ್ರತಿ ಫೋನಿನಲ್ಲೂ ಉಳುವರೆಯ ಒಂದು ಫೋಟೊ, ಒಂದು ಆಡಿಯೊ ಇದ್ದೇ ಇತ್ತು. ಅದೆಲ್ಲ ಗ್ರೂಪಿನಲ್ಲಿ, ಸ್ಟೇಟಸ್ಸಿನಲ್ಲಿ ಬಂದು ಹೋಯಿತು. ಇಂದು ಹೊರಗಿನವರೊಬ್ಬರು ಉಳುವರೆಯವರು ಆ ಬೆಳಿಗ್ಗೆ ಏನು ಕಂಡರು ಅಂತ ಅವರ ಬಾಯಿಂದಲೇ ತಿಳಿಯಬೇಕು ಅಂದರೆ ಎಲ್ಲಿಗೆ ಹೋಗಬೇಕು? ಇದ್ದವರಿಗೆಲ್ಲ ಗೊತ್ತು, ಇಲ್ಲದವರಿಗೆ ಸಿಗುವುದಿಲ್ಲ. ಪೌಂಡ್ ಗುರುತಿನೊಳಗೆ ಸಿಕ್ಕಿಬಿದ್ದ ನಕಾರಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಗ್ರೂಪಿನ ಒಳಗೆ ಇರುವ ತನಕ ಕನ್ನಡ, ಹೊರಗೆ ಬಂದರೆ ಏನೂ ಅಲ್ಲ. ತೆರೆದ ಜಾಗದಲ್ಲಿ, ತಾರೀಖು ಹಾಕಿ, ಹುಡುಕಿದರೆ ಸಿಗುವ ಅಕ್ಷರದಲ್ಲಿ ಊರಿನ ಮಾತನ್ನು ಊರಿನವರು ಬರೆದಿಡಬೇಕು. ಬ್ಲಾಗು ಹಳೆಯದಾಯಿತು, ಯಾರೂ ಓದುವುದಿಲ್ಲ ಅನ್ನುತ್ತಾರೆ. ಓದುವವರು ಇವತ್ತೇ ಹುಟ್ಟಿರಬೇಕು ಅಂತ ಎಲ್ಲಿದೆ?

ಟೀಚರ್: ತೆರೆದ ಜಾಗ ಅಂತ ಇಷ್ಟು ಸುಲಭವಾಗಿ ಹೇಳಬೇಡಿ. ಮನೆ ಕಳಕೊಂಡವಳು ನನ್ನ ಎದುರು ಕೂತು ಅತ್ತದ್ದು ನನಗೆ ಹೇಳಿದ ಮಾತು, ಜಗತ್ತಿಗಲ್ಲ. ಗ್ರೂಪಿನಲ್ಲಿ ಹಾಕಿದವರೂ ತಮ್ಮವರಿಗೆ ಅಂತಲೇ ಹಾಕಿದ್ದರು. ಅದು ಮುಚ್ಚಿದ ಜಾಗ ಅನ್ನುವ ಧೈರ್ಯದಿಂದಲೇ ಬಾಯಿ ಬಿಟ್ಟದ್ದು. ಎಲ್ಲವೂ ಹುಡುಕಿದರೆ ಸಿಗಬೇಕು ಅನ್ನುವುದು ಹುಡುಕುವವರ ನ್ಯಾಯ. ಸಿಕ್ಕಿಬೀಳುವವರ ನ್ಯಾಯ ಬೇರೆ.

ಬ್ಲಾಗಿಗ: ಹಾಗಾದರೆ ಬಿಟ್ಟುಬಿಡುವುದಾ? ಹೆದ್ದಾರಿಯ ಕ್ಯಾಮೆರಾ ಹೇಳಿದ್ದೇ ಕೊನೆಯ ಮಾತಾಗಲಿ ಅಂತ?

ಕಂಪೋಸಿಟರ್: ಇದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ಮೊಳೆ ಜೋಡಿಸಿ ಕಟ್ಟಿದ ಮೇಲೆ ಒಂದು ಗ್ಯಾಲಿ ಪ್ರೂಫು ತೆಗೆಯುತ್ತಿದ್ದೆವು, ಉದ್ದ ಕಾಗದದ ಪಟ್ಟಿ. ಒಳ್ಳೆಯ ಸಂಪಾದಕರು ಅದನ್ನು ಬರೆದವರಿಗೆ ಮಾತ್ರ ತೋರಿಸುತ್ತಿರಲಿಲ್ಲ, ಯಾರ ಬಗ್ಗೆ ಬರೆದಿದೆಯೋ ಅವರಿಗೂ ತೋರಿಸುತ್ತಿದ್ದರು. ಓದಲು ಬಾರದವರಿಗೆ ನಾನೇ ಓದಿ ಹೇಳಿದ್ದೇನೆ. ‘ಈ ಮಾತು ಬೇಡ’ ಅಂದರೆ ಸಾಲಿನಿಂದ ಮೊಳೆ ಕೀಳುವುದು, ಅಷ್ಟೇ. ಕಿತ್ತ ಜಾಗ ಖಾಲಿ ಬಿಡುವಂತಿಲ್ಲ, ಸಾಲು ಸಡಿಲಾಗುತ್ತದೆ. ಹಾಗಾಗಿ ಅವರಿಂದಲೇ ಇನ್ನೊಂದು ಮಾತು ಕೇಳಬೇಕಾಗುತ್ತಿತ್ತು. ಎಷ್ಟೋ ಸಲ ಆ ಎರಡನೆಯ ಮಾತೇ ಹೆಚ್ಚು ನಿಜವಾಗಿರುತ್ತಿತ್ತು. ನಿನ್ನ ಬ್ಲಾಗಿನಲ್ಲಿ ಗುಂಡಿ ಒತ್ತಿದರೆ ಪ್ರಕಟ. ನಡುವೆ ಆ ಉದ್ದ ಕಾಗದ ಇಲ್ಲ. ಅದನ್ನು ನೀನು ತರಬೇಕು.

ಟೀಚರ್: ಅದಾದರೆ ನಾನು ಬರುತ್ತೇನೆ. ಕೇಳಿ ಬರೆಯುವುದು ನೀವು, ಬರೆದದ್ದನ್ನು ಅವರಿಗೆ ಓದಿ ಹೇಳುವುದು ನಾನು. ಹೆಸರು ಹಾಕಬೇಕೋ ಬೇಡವೋ ಅವರೇ ಹೇಳಲಿ. ಬೇಡ ಅಂದವರದ್ದು ಬೇಡ, ಆಮೇಲೆ ಒತ್ತಾಯ ಮಾಡುವಂತಿಲ್ಲ.

ಬ್ಲಾಗಿಗ: ಒಪ್ಪಿದೆ. ಈ ಹಳೆಯ ಫೈಲುಗಳ ಪ್ರೂಫು ಮಾತ್ರ ಕಾಕಾ ನೋಡಬೇಕು. ಪರಿವರ್ತಕಕ್ಕೆ ಹಾಕಿದರೆ ಎಲ್ಲ ಬದಲಾಗುತ್ತದೆ, ಅರ್ಕಾವೊತ್ತು ಕೆಲವು ಕಡೆ ತಪ್ಪಿದ ಅಕ್ಷರದ ಮೇಲೆ ಹೋಗಿ ಕೂರುತ್ತದೆ.

ಕಂಪೋಸಿಟರ್: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಉಚ್ಚಾರದಲ್ಲಿ ಮೊದಲು. ಆಕಾರದ ಲೆಕ್ಕ ಒಂದು, ಬಾಯಿಯ ಲೆಕ್ಕ ಒಂದು. ಯಂತ್ರ ಅಲ್ಲಿ ಎಡವದೆ ಇರುತ್ತದಾ? ಕಾಗದದ ಮೇಲೆ ತೆಗೆದು ಕೊಡು, ಪರದೆಯಲ್ಲಿ ನನಗೆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಟೀಚರ್: ಇನ್ನೊಂದು. ಇದೆಲ್ಲದರ ಪಾಸ್‌ವರ್ಡು ಯಾರ ಹತ್ತಿರ ಇದೆ?

ಬ್ಲಾಗಿಗ: ನನ್ನ ಹತ್ತಿರ.

ಟೀಚರ್: ನಿಮ್ಮ ಹತ್ತಿರ ಮಾತ್ರ?

ಬ್ಲಾಗಿಗ: ಗೂಗಲ್ಲಿನಲ್ಲಿ ಒಂದು ವ್ಯವಸ್ಥೆ ಇದೆ. ಇಷ್ಟು ತಿಂಗಳು ಖಾತೆ ತೆರೆಯದಿದ್ದರೆ ಇಂಥವರಿಗೆ ತಿಳಿಸು, ಇದನ್ನೆಲ್ಲ ಅವರಿಗೆ ಕೊಡು ಅಂತ ಮೊದಲೇ ಹೇಳಿಡಬಹುದು. ಯಾರ ಹೆಸರು ಕೊಡುವುದು ಅಂತ ಇನ್ನೂ ತೀರ್ಮಾನಿಸಿಲ್ಲ.

ಕಂಪೋಸಿಟರ್: ನನ್ನ ಹೆಸರು ಬೇಡ. ವಯಸ್ಸು ನೋಡಿ ಕೊಡು.

ಟೀಚರ್: ನನ್ನದು ಹಾಕಿ. ಜೊತೆಗೆ ಉಳುವರೆಯ ಒಬ್ಬರದ್ದೂ ಇರಲಿ. ಮೊದಲು ಅವರನ್ನು ಕೇಳಿ ಬರುತ್ತೇನೆ.