ಅಂಕಣದಲ್ಲಿಲ್ಲದ ಅವ್ವ

ಆಗಸ್ಟ್ ಬಂತೆಂದರೆ ನಮ್ಮ ಕಡೆಯ ಹೈಸ್ಕೂಲು ಬಯಲುಗಳಲ್ಲಿ ಸುಣ್ಣದ ಗೆರೆ ಬೀಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರಿಗೆ ಸೇರಿದರೂ ಶಾಲೆಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕುಗಳದ್ದು ಬೇರೆಯೇ ಸಂಸಾರ, ಅದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ಮಿಡಿಗೇಶಿ, ಬುಕ್ಕಾಪಟ್ಟಣ, ಹೊಳವನಹಳ್ಳಿ, ನಾಗಲಮಡಿಕೆಯ ಹುಡುಗ ಹುಡುಗಿಯರು ಅಂಗಿಯ ಬೆನ್ನಿಗೆ ನಂಬರು ಅಂಟಿಸಿಕೊಂಡು, ಟ್ರ್ಯಾಕ್ಟರಿನಲ್ಲೋ ಸರ್ಕಾರಿ ಬಸ್ಸಿನಲ್ಲೋ ಬಂದು ಇಳಿಯುತ್ತಾರೆ. ವರ್ಷದಲ್ಲಿ ನಾನು ತಪ್ಪದೆ ಕಾಯುವ ಹಬ್ಬ ಇದೊಂದೇ. ಕಬಡ್ಡಿ ಇದ್ದ ಕಡೆ ಬಿಸಿಲು ಲೆಕ್ಕಿಸದೆ ಗೆರೆಯ ಪಕ್ಕ ನಿಂತುಬಿಡುತ್ತೇನೆ.

ಹಾಗೆ ನಿಂತಿದ್ದಾಗ ಕಂಡದ್ದು ಇದು. ಎಂಟನೆಯದೋ ಒಂಬತ್ತನೆಯದೋ ತರಗತಿಯ ಹುಡುಗ ರೈಡ್‌ಗೆ ಹೋದ. ಎದುರಿನ ಕಾರ್ನರ್‌ನವನು ಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಧೂಳು ಇಳಿದಾಗ ರೈಡ್‌ಗೆ ಹೋದವನ ಮೊಣಕೈ ತರಚಿತ್ತು. ಅವನು ಏಳುತ್ತಲೇ ಕಾಲು ಹಿಡಿದವನ ತಾಯಿಯ ಮೇಲೆ ಒಂದು ಮಾತು ಆಡಿದ. ಆ ಹುಡುಗನೂ ಸುಮ್ಮನಿರಲಿಲ್ಲ. ತಿರುಗಿ ಅವನ ಜಾತಿ ಹಿಡಿದು ಒಂದು ಮಾತು ಆಡಿದ. ಎರಡೂ ಪತ್ರಿಕೆಯಲ್ಲಿ ಅಚ್ಚಾಗುವ ಮಾತುಗಳಲ್ಲ. ಸುತ್ತ ನಿಂತಿದ್ದ ದೊಡ್ಡವರಲ್ಲಿ ಕೆಲವರು ನಕ್ಕರು. ನನಗೆ ಹೆಚ್ಚು ನೋವಾದದ್ದು ಆ ನಗುವಿನಿಂದ.

ಪಿ.ಟಿ. ಮೇಷ್ಟ್ರು ಸೀಟಿ ಊದಿ ಇಬ್ಬರನ್ನೂ ಹತ್ತಿರ ಕರೆದರು. “ಸಾರ್, ಅವ್ನೇ ಮೊದ್ಲು ಅಂದಿದ್ದು” ಎಂದ ಒಬ್ಬ. “ಯಾರು ಮೊದ್ಲು ಅಂತ ಕೇಳ್ಲಿಲ್ಲ ಕಣೋ. ಏನಂದೆ? ಅದನ್ನೇ ಇಲ್ಲಿ ಇನ್ನೊಂದ್ ಸಲ ಹೇಳು” ಎಂದರು ಮೇಷ್ಟ್ರು. ಹುಡುಗ ತಲೆ ತಗ್ಗಿಸಿದ. ಮತ್ತೆ ಕೇಳಿದರು. ಬಾಯಿ ಬಿಡಲಿಲ್ಲ. ಅರೆ ನಿಮಿಷದ ಹಿಂದೆ ಬಯಲಿಗೆಲ್ಲ ಕೇಳುವಂತೆ ಕೂಗಿದವನಿಗೆ ಅದೇ ಮಾತನ್ನು ಮೇಷ್ಟ್ರ ಮುಂದೆ ಪಿಸುಗುಟ್ಟಲೂ ಆಗಲಿಲ್ಲ. ಆ ಮಾತು ಎಂಥದ್ದೆಂದು ಅವನಿಗೆ ಗೊತ್ತಿತ್ತು. ಇನ್ನೊಬ್ಬನಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದವರು ನಕ್ಕ ದೊಡ್ಡವರು ಮಾತ್ರ.

ಕಬಡ್ಡಿಯಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. ರೈಡ್‌ಗೆ ಹೋದವನ ನಾಲಿಗೆಯ ಮೇಲೆ ಒಂದೇ ಒಂದು ಮಾತು ಇರಬೇಕು, ಕಬಡ್ಡಿ, ಕಬಡ್ಡಿ, ಕಬಡ್ಡಿ. ಅದನ್ನು ಬಿಟ್ಟನೋ, ಅಂಪೈರ್ ಅವನನ್ನು ವಾಪಸು ಕಳಿಸುತ್ತಾರೆ, ಎದುರಾಳಿಗೆ ಅಂಕ ಹೋಗುತ್ತದೆ. ಪಾವಗಡದಿಂದಾಚೆ ಆಂಧ್ರದ ಊರುಗಳಲ್ಲಿ ಹಳಬರು ಇದನ್ನು ಚೆಡುಗುಡು ಎನ್ನುತ್ತಾರೆ, ಮರಾಠಿಯಲ್ಲಿ ಹುತುತು. ಹೆಸರು ಯಾವುದಾದರೂ ಕಟ್ಟು ಒಂದೇ, ಶತ್ರುವಿನ ಮನೆಗೆ ಹೋದವನು ಉಸಿರನ್ನೂ ನಾಲಿಗೆಯನ್ನೂ ಕಟ್ಟಿಕೊಂಡೇ ಹೋಗಬೇಕು. ಇಷ್ಟು ಬಿಗಿಯಾಗಿ ಆಟಗಾರನ ಬಾಯಿಗೆ ನೇಮ ಹಾಕಿದ ಆಟ ಬೇರೊಂದು ನನಗೆ ಗೊತ್ತಿಲ್ಲ. ಬೈದವನಿಗೆ ಕಾರ್ಡುಗಳೂ ಇವೆ. ಹಸಿರು ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಆ ಪಂದ್ಯವೇ ಇಲ್ಲ. ಆದರೆ ಗಣೇಶನ ಹಬ್ಬಕ್ಕೋ ಜಾತ್ರೆಗೋ ಊರವರು ನಡೆಸುವ ಹೊನಲು ಬೆಳಕಿನ ಪಂದ್ಯಗಳಲ್ಲಿ ಬೈಗುಳಕ್ಕೆ ಕಾರ್ಡು ತೆಗೆದವರನ್ನು ನಾನು ಕಂಡಿಲ್ಲ. ಗೆರೆ ತುಳಿದರೆ ಸೀಟಿ ಊದುವವರು ತಾಯಿಯನ್ನು ತುಳಿದರೆ ಊದುವುದಿಲ್ಲ.

ನಮ್ಮ ಕಡೆಯ ಬೈಗುಳಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕನ್ನಡದ್ದಿರಲಿ, ಗಡಿಯ ತೆಲುಗಿನದ್ದಿರಲಿ, ಶಿರಾ ಪೇಟೆಯ ಉರ್ದುವಿನದ್ದಿರಲಿ, ಅವು ಹೋಗಿ ಬೀಳುವುದು ಎದುರಿಗಿರುವ ಆಟಗಾರನ ಮೇಲಲ್ಲ. ಅವನ ಅವ್ವನ ಮೇಲೆ, ಅಕ್ಕನ ಮೇಲೆ, ಅವನು ಹುಟ್ಟಿದ ಕೇರಿಯ ಮೇಲೆ. ಹಿಡಿದದ್ದು ಅವನು, ಎಳೆದದ್ದು ಅವನು, ಗೆದ್ದದ್ದು ಅವನು. ಪೆಟ್ಟು ಬಿದ್ದದ್ದು ಆ ಹೊತ್ತಿಗೆ ಯಾವುದೋ ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿರುವ, ಇಲ್ಲವೇ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುವ ಹೆಂಗಸಿಗೆ. ಅವಳಿಗೆ ಆಟದ ನಿಯಮವೇ ತಿಳಿದಿಲ್ಲ. ಮಗನ ಬನಿಯನ್ನಿಗೆ ಅಂಟಿದ ಕೆಮ್ಮಣ್ಣು ತಿಕ್ಕಿ ತೆಗೆಯುವುದಷ್ಟೇ ಅವಳ ಪಾಲಿನ ಕಬಡ್ಡಿ.

ಇದು ಇಂದಿನ ರೋಗವಲ್ಲ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಅಪರೂಪ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು ಬಣ್ಣ ಹಚ್ಚುವ ರೈತರಿಗೆ ಮಹಾಭಾರತ ಬಾಯಿಪಾಠ. ಅದರಲ್ಲಿ ದ್ರೋಣನ ಶಿಷ್ಯರು ಊರ ಮುಂದೆ ವಿದ್ಯೆ ತೋರಿಸುವ ರಂಗ ಬರುತ್ತದಲ್ಲ, ಅದು ಆ ಕಾಲದ ಕ್ರೀಡಾಕೂಟವೇ. ಕರ್ಣ ನಡುವೆ ಬಂದು ಅರ್ಜುನ ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸುತ್ತಾನೆ. ಬಿಲ್ಲಿನಲ್ಲಿ ಉತ್ತರ ಕೊಡಬೇಕಾದ ಹೊತ್ತಿಗೆ ಕೃಪ ಅವನ ಕುಲ ಕೇಳುತ್ತಾನೆ. ಅಷ್ಟರಲ್ಲಿ ಸಾರಥಿ ಅಧಿರಥ, ಮಗನ ಏಳಿಗೆ ನೋಡಲು, ಬೆವರುತ್ತ ನಡುಗುತ್ತ ಬರುತ್ತಾನೆ. ಕರ್ಣ ತಲೆ ಬಾಗಿಸಿ ನಮಸ್ಕರಿಸುತ್ತಾನೆ. ಅದನ್ನು ಕಂಡ ಭೀಮ, ನಿನಗೆ ಬಿಲ್ಲೇಕೆ, ಚಾವಟಿ ಹಿಡಿ ಎಂದು ಹಂಗಿಸುತ್ತಾನೆ. ಆಟದ ಕಣದಲ್ಲಿ ಎದುರಾಳಿಯ ತಂದೆಯನ್ನೂ ಹುಟ್ಟನ್ನೂ ಎಳೆದು ತಂದ ಮಾತು ಅದು. ಪಂಪನಿಂದ ಇಲ್ಲಿಯವರೆಗೆ ಕನ್ನಡದ ಮನಸ್ಸು ಆ ಗಳಿಗೆಯಲ್ಲಿ ನಿಂತದ್ದು ಬೈದವನ ಕಡೆಗಲ್ಲ, ಬೈಸಿಕೊಂಡವನ ಕಡೆಗೆ. ರಾತ್ರಿ ಕರ್ಣನಿಗಾಗಿ ಕಣ್ಣು ಒರೆಸಿಕೊಂಡ ಊರು ಬೆಳಗಾದ ಮೇಲೆ ಕಬಡ್ಡಿಯಲ್ಲಿ ಅದೇ ಮಾತಿಗೆ ಹೇಗೆ ನಗುತ್ತದೆ ಎಂಬುದು ನನಗೆ ಅರ್ಥವಾಗದ ಸಂಗತಿ.

ದೊಡ್ಡ ಆಟಗಾರರೇ ಹೀಗಿರುವಾಗ ಹೋಬಳಿಯ ಮಕ್ಕಳದ್ದೇನು ತಪ್ಪು ಎಂದು ಕೇಳುವವರುಂಟು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೇಲ್ ಬೌಂಡರಿ ಹೊಡೆದು, ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬ್ಯಾಟಿನಿಂದ ಗೆರೆಯತ್ತ ತೋರಿಸಿದರು. ಮುಂದಿನ ಎಸೆತಕ್ಕೇ ಸೊಹೇಲರ ಸ್ಟಂಪ್ ಹಾರಿತು. ಹೊರಟವರ ಬೆನ್ನಿಗೆ ಪ್ರಸಾದ್ ಖಾರವಾದ ಮಾತು ಆಡಿದರು. ಭಾರತ 39 ರನ್‌ಗಳಿಂದ ಗೆದ್ದಿತು. ಆ ಎಸೆತ ಅಷ್ಟು ಚೆನ್ನಾಗಿತ್ತು, ಆದರೆ ಇವತ್ತಿಗೂ ಹುಡುಗರು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವುದು ಎಸೆತದ ನಂತರದ ಸಿಟ್ಟನ್ನು. ಪ್ರಸಾದ್ ಮೇಲಿನ ನನ್ನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ. ಚೆಂಡೇ ಉತ್ತರ ಕೊಟ್ಟಾಗಿತ್ತು, ಮಾತು ಬೇಕಿರಲಿಲ್ಲ ಎಂದಷ್ಟೇ ನನ್ನ ಅನಿಸಿಕೆ.

ಅದಕ್ಕಿಂತ ದೊಡ್ಡ ಪಾಠ 2008ರ ಜನವರಿಯ ಸಿಡ್ನಿ ಟೆಸ್ಟ್‌ನದು. ಆಗ ಭಾರತದ ನಾಯಕ ನಮ್ಮ ಅನಿಲ್ ಕುಂಬ್ಳೆ. ಹರ್ಭಜನ್ ಸಿಂಗ್ ತಮ್ಮನ್ನು ಮಂಗ ಎಂದರೆಂದು ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಕಡೆಯವರ ದೂರು. ಪಂದ್ಯದ ರೆಫರಿ ಮೈಕ್ ಪ್ರಾಕ್ಟರ್ ಮೂರು ಟೆಸ್ಟ್‌ಗಳ ನಿಷೇಧ ಹಾಕಿದರು. ಮೇಲ್ಮನವಿಯನ್ನು ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಅಡಿಲೇಡ್‌ನಲ್ಲಿ ಕೇಳಿದರು. ಆಡಿದ್ದು ಮಂಗ ಎಂಬ ಮಾತಲ್ಲ, ಹಿಂದಿಯಲ್ಲಿ ತಾಯಿಯನ್ನು ಹಿಡಿದು ಬೈಯುವ ಮಾತು ಎಂಬುದು ನಮ್ಮವರ ವಾದ. ಜನಾಂಗ ನಿಂದನೆ ಸಾಬೀತಾಗಲಿಲ್ಲ, ನಿಷೇಧ ಹೋಗಿ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಉಳಿಯಿತು. ಇಡೀ ದೇಶ ನಿಟ್ಟುಸಿರು ಬಿಟ್ಟಿತು. ನಾನೂ ಬಿಟ್ಟೆ. ಬಹಳ ದಿನಗಳ ಮೇಲೆ ಹೊಳೆಯಿತು, ನಾವು ಸಮಾಧಾನ ಪಟ್ಟದ್ದು ಯಾವುದಕ್ಕೆ? ಬೈದದ್ದು ಅವನನ್ನಲ್ಲ, ಅವನ ತಾಯಿಯನ್ನು ಎಂಬುದಕ್ಕೆ. ತಾಯಿ ಎಂದರೆ ನಮಗೆ ಅಷ್ಟು ಅಗ್ಗವಾದಳೇ?

ಅದೇ ಪಂದ್ಯದಲ್ಲಿ ಇನ್ನೊಂದು ದೂರೂ ಇತ್ತು, ಅದು ಜನರಿಗೆ ಮರೆತುಹೋಗಿದೆ. ಆಸ್ಟ್ರೇಲಿಯಾದ ಬ್ರಾಡ್ ಹಾಗ್ ಕುಂಬ್ಳೆಯವರತ್ತ, ಧೋನಿಯವರತ್ತ ಹುಟ್ಟನ್ನೇ ಹಳಿಯುವ ಇಂಗ್ಲಿಷ್ ಪದವೊಂದನ್ನು ಎಸೆದಿದ್ದರು. ಅವರ ನಾಡಿನಲ್ಲಿ ಅದು ಬಾಯಿಮಾತು, ನಮ್ಮಲ್ಲಿ ತಾಯಿಯ ಮಾನಕ್ಕೆ ಹಚ್ಚುವ ಮಸಿ. ಹಾಗ್ ಕ್ಷಮೆ ಕೇಳಿದರು. ಪರ್ತ್ ಟೆಸ್ಟ್‌ಗೆ ಮೊದಲು ಕುಂಬ್ಳೆ ದೂರು ಹಿಂದಕ್ಕೆ ಪಡೆದರು. ಆ ಟೆಸ್ಟ್ ಅನ್ನು ಭಾರತ 72 ರನ್‌ಗಳಿಂದ ಗೆದ್ದಿತು. ಸಿಡ್ನಿಯಲ್ಲಿ ಸೋತ ದಿನ, ಒಂದೇ ತಂಡ ಆಟದ ಧರ್ಮ ಪಾಲಿಸಿತು ಎಂಬರ್ಥದಲ್ಲಿ ಕಟುವಾಗಿ ಮಾತಾಡಿದ್ದವರೂ ಇದೇ ಕುಂಬ್ಳೆ. ಆಗ ಅವರು ದನಿ ಏರಿಸಲಿಲ್ಲ, ಯಾರ ಮನೆಯನ್ನೂ ಎಳೆಯಲಿಲ್ಲ. ಕೆಟ್ಟ ಮಾತಿಲ್ಲದೆ ಗಟ್ಟಿಯಾಗಿ ಮಾತಾಡಬಹುದು ಎಂಬುದಕ್ಕೆ ನಮ್ಮ ಮಕ್ಕಳಿಗೆ ತೋರಿಸಬೇಕಾದದ್ದು ಆ ಸಂಜೆಯನ್ನು.

ಕ್ರಿಕೆಟ್ ಬಿಟ್ಟರೆ ಆಸ್ಟ್ರೇಲಿಯಾದವರ ಎದೆಯ ಆಟ ಅವರದೇ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ಒಂದೊಂದು ತಂಡಕ್ಕೆ 18 ಜನ, ಕೈಯಿಂದಲೂ ಹೊಡೆಯಬಹುದು. ಮೈಗೆ ಮೈ ಬೀಳುವುದರಲ್ಲಿ ನಮ್ಮ ಕಬಡ್ಡಿಗೆ ಬಂಧು. ಅಲ್ಲಿಯೂ ಮೂಲನಿವಾಸಿ ಆಟಗಾರರು ದಶಕಗಳ ಕಾಲ ಮೈಬಣ್ಣದ ಬೈಗುಳ ತಿಂದರು. 1993ರ ಏಪ್ರಿಲ್‌ನಲ್ಲಿ ಮೆಲ್ಬರ್ನ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಪ್ರೇಕ್ಷಕರ ನಿಂದನೆ ಸಹಿಸಿ ಆಡಿ ಗೆದ್ದ ನಿಕಿ ವಿನ್ಮಾರ್, ಜೆರ್ಸಿ ಎತ್ತಿ ತನ್ನ ಕಪ್ಪು ಚರ್ಮಕ್ಕೆ ಬೆರಳಿಟ್ಟು ತೋರಿಸಿ ನಿಂತರು. ಎರಡು ವರ್ಷದ ಮೇಲೆ ಮೈಕೆಲ್ ಲಾಂಗ್ ಎಂಬ ಆಟಗಾರ, ಎದುರಾಳಿಯೊಬ್ಬ ಬಣ್ಣ ಹಿಡಿದು ಬೈದದ್ದನ್ನು ನುಂಗಿಕೊಳ್ಳದೆ ದೂರು ಕೊಟ್ಟರು. 1995ರಲ್ಲೇ ಅವರ ಲೀಗ್ ಜನಾಂಗ, ಧರ್ಮ ಹಿಡಿದು ಬೈಯುವುದರ ವಿರುದ್ಧ ನಿಯಮ ತಂದಿತು. ಕೆಟ್ಟ ಮಾತು ಅಲ್ಲಿ ನಿಂತೇಹೋಯಿತೆಂದಲ್ಲ. 2025ರ ಆಗಸ್ಟ್‌ನಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಪದ ಬಳಸಿದ್ದಕ್ಕೆ ಅಡಿಲೇಡ್ ತಂಡದ ಐಸಾಕ್ ರಾಂಕಿನ್‌ಗೆ ನಾಲ್ಕು ಪಂದ್ಯಗಳ ನಿಷೇಧ ಬಿತ್ತು, ಋತುವಿನ ಕೊನೆಯ ದೊಡ್ಡ ಪಂದ್ಯಗಳು ಅವರ ಕೈತಪ್ಪಿದವು. ಆಡಿದ ಮಾತಿಗೆ ಬೆಲೆ ಇದೆ ಎಂದು ಅಲ್ಲಿನ ಆಟಗಾರನಿಗೆ ಈಗ ಗೊತ್ತು.

ಆ ನಾಡಿನ ಒಂದು ಪ್ರಸಂಗ ನನ್ನನ್ನು ಬಿಡುವುದಿಲ್ಲ. 2013ರ ಮೇ ತಿಂಗಳಲ್ಲಿ ಆಡಮ್ ಗುಡ್ಸ್ ಎಂಬ ಹಿರಿಯ ಮೂಲನಿವಾಸಿ ಆಟಗಾರನನ್ನು ಗೆರೆಯಾಚೆಯಿಂದ ಯಾರೋ ವಾನರ ಎಂದು ಕೂಗಿದರು. ತಿರುಗಿ ನೋಡಿದರೆ 13 ವರ್ಷದ ಹುಡುಗಿ. ಮರುದಿನ ಗುಡ್ಸ್, ತಮಗಾದ ನೋವನ್ನು ಮುಚ್ಚಿಡದೆಯೇ, ಆ ಹುಡುಗಿಯನ್ನು ದೂರಬೇಡಿ, ಅವಳಿಗೆ ಬೆಂಬಲವಾಗಿ ನಿಲ್ಲಿ ಎಂದು ಕೇಳಿಕೊಂಡರು. 13 ವರ್ಷ ಎಂದರೆ ನಮ್ಮ ಎಂಟನೇ ತರಗತಿ. ಹೋಬಳಿಯ ಅಂಕಣದಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗನ ವಯಸ್ಸು. ಆ ಮಾತನ್ನು ಅವನು ಹುಟ್ಟಿಸಿದ್ದಲ್ಲ. ಅರಳಿಕಟ್ಟೆಯಲ್ಲಿ, ಟೀ ಅಂಗಡಿಯಲ್ಲಿ, ಮನೆಯ ಜಗಲಿಯಲ್ಲಿ ನಮ್ಮಿಂದಲೇ ಕಲಿತದ್ದು.

“ಬೈಗುಳ ಇಲ್ದೆ ಆಟಕ್ಕೆ ಬಿಸಿ ಎಲ್ಲಿ?” ಎನ್ನುವ ಗೆಳೆಯರಿದ್ದಾರೆ. ಕೆಣಕುವುದು ಬೇರೆ, ಬೈಯುವುದು ಬೇರೆ. ತೊಡೆ ತಟ್ಟಿ ಕರೆಯಿರಿ, ಬಾ ನೋಡೋಣ ಎನ್ನಿ, ಎಷ್ಟು ಹೊತ್ತು ಉಸಿರು ಹಿಡೀತೀಯೋ ಎಂದು ಹಂಗಿಸಿ. ಅದೆಲ್ಲ ಆಟಗಾರನ ಆಟಕ್ಕೆ ಹಾಕಿದ ಸವಾಲು, ಅವನು ಆಟದಲ್ಲೇ ತಿರುಗಿ ಉತ್ತರ ಕೊಡಬಲ್ಲ. ಅವ್ವನ ಮೇಲಿನ ಮಾತಿಗೆ, ಹುಟ್ಟಿದ ಜಾತಿಯ ಮೇಲಿನ ಮಾತಿಗೆ ಯಾವ ರೈಡ್‌ನಲ್ಲಿ ಉತ್ತರ ಕೊಡುವುದು?

ಜಾತಿಯ ಮಾತಿಗೆ ಕಾನೂನೂ ಇದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನ ಕಾಣುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಮೈದಾನಕ್ಕಿಂತ ಬಯಲಾದ ಜಾಗ ಯಾವುದು? ಆದರೆ ಹದಿಮೂರರ ಹುಡುಗನ ಹತ್ತಿರ ಪೊಲೀಸರಿಗಿಂತ ಮೊದಲು ಹೋಗಬೇಕಾದವರು ಬೇರೆ ಇದ್ದಾರೆ. ಅವತ್ತು ಆ ಮೇಷ್ಟ್ರು ಇಬ್ಬರನ್ನೂ ಹೊಡೆಯಲಿಲ್ಲ, ಮನೆಗೂ ಅಟ್ಟಲಿಲ್ಲ. ಪಂದ್ಯ ಮುಗಿಯುವ ತನಕ ಸ್ಕೋರ್ ಬರೆಯುವ ಮೇಜಿನ ಹತ್ತಿರ ಪಕ್ಕಪಕ್ಕ ಕೂರಿಸಿದರು. ಒಬ್ಬ ಒಳ್ಳೆಯ ರೈಡರ್, ಒಬ್ಬ ಒಳ್ಳೆಯ ಕಾರ್ನರ್. ಎರಡೂ ಶಾಲೆಯವರು ಗೊಣಗಿದರು, ಮೇಷ್ಟ್ರು ಜಗ್ಗಲಿಲ್ಲ. ಕಡೆಯ ಐದು ನಿಮಿಷದಲ್ಲಿ ಆ ಇಬ್ಬರೂ ತಮ್ಮ ತಮ್ಮ ತಂಡಕ್ಕೆ ಕೂಗುತ್ತ ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು.

ಆ ಬಯಲಿನಲ್ಲಿ ಅವತ್ತು ನಾನು ಒಬ್ಬ ತಾಯಿಯನ್ನೂ ಕಾಣಲಿಲ್ಲ. ಹುಡುಗಿಯರ ಪಂದ್ಯಕ್ಕೂ ಬಂದಿರಲಿಲ್ಲ. ನಾಲ್ಕೂ ತಾಲ್ಲೂಕುಗಳ ಪಿ.ಟಿ. ಮೇಷ್ಟ್ರುಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಹೊನಲು ಬೆಳಕಿನ ಪಂದ್ಯ ನಡೆಸುವ ಊರಿನ ಯುವಕರಲ್ಲಿ ನನ್ನದೊಂದು ಬೇಡಿಕೆ. ಈ ಸಲ ಕರಪತ್ರ ಹಂಚುವಾಗ ಮನೆಮನೆಯ ಅವ್ವಂದಿರನ್ನೂ ಕರೆಯಿರಿ. ಕೂಲಿಗೆ ಹೋಗುವವರು ಬರುವಂತೆ ಫೈನಲ್ ಪಂದ್ಯವನ್ನು ಭಾನುವಾರ ಸಂಜೆಗೆ ಇಡಿ. ಗಣ್ಯರಿಗೆ ಹಾಕುವ ಮೊದಲ ಸಾಲಿನ ಕುರ್ಚಿಗಳನ್ನು ಅವರಿಗೆ ಬಿಟ್ಟುಕೊಡಿ. ಸುಣ್ಣದ ಗೆರೆಯಿಂದ ಮೂರು ಮಾರು ದೂರದಲ್ಲಿ, ಅಂಕಣದ ಎರಡೂ ಕಡೆಯವರಿಗೆ ಮುಖ ಕಾಣುವಂತೆ, ಅವರು ಕೂತಿರಲಿ.