ತೋಟದವರು ಎಲ್ಲಿಗೆ ಹೋದರು?

ದೀಪಾವಳಿಗೆ ನಾವೆಲ್ಲ ಸಾಗರದ ದೊಡ್ಡಪ್ಪನ ಮನೆಯಲ್ಲಿ ಸೇರುತ್ತೇವೆ. ಊಟವಾದ ಮೇಲೆ ಅಜ್ಜ ಜಗಲಿಯಲ್ಲಿ ಕೂತು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ನಮ್ಮ ಮನೆ, ಅಡಿಕೆ ತೋಟ ಮುಳುಗಿದ ಕಥೆ ಹೇಳುತ್ತಾರೆ. ಈ ಸಲ ಎಂಟು ವರ್ಷದ ಅಕ್ಕನ ಮಗಳು ನಡುವೆ ಕೇಳಿದಳು: “ತೋಟದಲ್ಲಿ ಕೆಲಸ ಮಾಡ್ತಿದ್ದೋರು ಎಲ್ಲಿಗೆ ಹೋದ್ರು ಅಜ್ಜಾ?”

ಅಜ್ಜ ಸುಮ್ಮನಾದರು. “ಮಕ್ಕಳ ಮುಂದೆ ಅದೆಲ್ಲ ಯಾಕೆ?” ಎಂದರು ದೊಡ್ಡಮ್ಮ.

ಮಕ್ಕಳಿಗೆ ಎಲ್ಲವನ್ನೂ ಹೇಳಬೇಕಿಲ್ಲ, ನಿಜ. ಸಾವು, ಜಗಳ, ಸಾಲದ ವಿವರಗಳನ್ನು ಅವರ ವಯಸ್ಸು ನೋಡಿ ತಡೆಹಿಡಿಯಬಹುದು. ಆದರೆ ಮುಳುಗಡೆಯಲ್ಲಿ ಕಳೆದುಕೊಂಡವರು ನಾವು ಮಾತ್ರ ಎಂಬಂತೆ ಕಥೆ ಹೇಳಿದರೆ, ವಯಸ್ಸಿನ ನೆಪದಲ್ಲಿ ನಾವು ಕಾಪಾಡುವುದು ಮಕ್ಕಳನ್ನಲ್ಲ, ನಮ್ಮನ್ನೇ. ಎಲ್ಲ ವಯಸ್ಸಿನವರೂ ಕೂತು ಕೇಳುವ ಕಥೆಯಲ್ಲಿ ಎಲ್ಲ ವಯಸ್ಸಿನವರ ಪ್ರಶ್ನೆಗೂ ಜಾಗವಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ಅಜ್ಜನೇ ಹೇಳಿದರು: “ನಮಗೆ ಪರಿಹಾರ ಬಂತು ಮಗಾ. ಅವರ ಹೆಸರಲ್ಲಿ ಜಮೀನಿರಲಿಲ್ಲ. ಎಲ್ಲಿಗೆ ಹೋದರೋ, ನಾನು ಕೇಳಲೇ ಇಲ್ಲ.”

ಆ ಮಾತು ಎಂಟು ವರ್ಷದವಳಿಗೂ ಅರ್ಥವಾಯಿತು. ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಆ ಕಥೆಯನ್ನು ಇಪ್ಪತ್ತು ವರ್ಷ ಕೇಳಿದ್ದೇನೆ. ಅವಳು ಕೇಳಿದ್ದನ್ನು ಒಮ್ಮೆಯೂ ಕೇಳಿರಲಿಲ್ಲ.